ಎಷ್ಟು ಜೋಡಿ

ಜೈತುನ್‌ಬಿ ಕತ್ರಿ ಹಿಡದು ಕುಂತಾಳ:
"ಎಷ್ಟ್ ಹೊಲೀಲವ್ವಾ, ಜಲ್ದಿ ಹೇಳು,
ಅರಿವಿ ನೋಡಿ ಕತ್ತರಸಬೇಕು."
ಅಪ್ಪನ ಹಳೇ ಧೋತರ, ನಾಕು ಮಡಿಕಿ,
ನಡುವ ಟರ್ಕಿ ಟಾವೆಲ್ಲಿನ ತುಂಡು,
ಅಂಗೈಯಗಲ ದುಂಡು.
ಔಷಧದಂಗಡ್ಯಾಗ ಇದಕ್ಕ ಪ್ಯಾಡು ಅಂತಾರ,
ಒಂದ್ಸಲ ಹಚ್ಚಿ ಒಗಿಯೋದು;
ರೇಟು ಕೇಳಿ ಹೊಳ್ಳಿ ಬಂದೀನಿ.
ಈಕಿ ಗಾದಿ ಅಂತಾಳ.
"ಮೊಲಿಗೂ ಒಂದು ಗಾದಿ ಬ್ಯಾಡೇನು,
ಹಗಲೂ ರಾತ್ರಿ ದುಡೀತದ ಪಾಪ."

ಎಷ್ಟು?
ನಾ ಕಂಡಕ್ಟರ್. ಎಣಿಸೋದೇ ನನ್ನ ಉದ್ಯೋಗ.
ಯಾದಗಿರಿಯಿಂದ ಶಹಾಪುರ, ಹೊಳ್ಳಿ ಯಾದಗಿರಿ,
ಭೀಮಾ ಬ್ರಿಜ್ಜು ದಿನಕ್ಕ ನಾಕು ಸಲ.
ಸೋಮವಾರದಿಂದ ಡ್ಯೂಟಿ.
ಖಾಕಿ ಮ್ಯಾಲ ನೀರು ಬಿದ್ರ ಒಣಗತದ,
ಹಾಲು ಬಿದ್ರ ನಕಾಶಿ ಬರೀತದ.

ನಸುಕಿನ್ಯಾಗ ಹಚ್ಚಿಕೊಂಡು ಹೋಗೋ ಜೋಡಿ.
ಶಹಾಪುರ ಸ್ಟ್ಯಾಂಡಿನ್ಯಾಗ
ಚಿಲಕಿಲ್ಲದ ಬಾಗಿಲಿಗಿ ಬೆನ್ನು ಕೊಟ್ಟು ಬದಲಿಸೋ ಜೋಡಿ.
ಮಧ್ಯಾಹ್ನಕ್ಕೊಂದು. ರಾತ್ರಿಗೊಂದು,
ರಾತ್ರಿದು ಜರಾ ದಪ್ಪ ಇರಲಿ.
ಎಡಕ್ಕ ಹೆಚ್ಚು ಸೋರತದ, ಬಲಕ್ಕ ಕಮ್ಮಿ,
ಆದ್ರ ಜೈತುನ್‌ಬಿ ಬಿಡಿ ಹೊಲಿಯಾಂಗಿಲ್ಲ.

ಈಗೇನೋ ವೈಶಾಖ.
ಗುಡ್ಡದ ಕಲ್ಲು ಹಂಚಿನಂಗ ಕಾಯ್ಸೋ ಬಿಸಲು,
ಹಗ್ಗಕ್ಕ ಹಾಕಿ ಹೊಳ್ಳಿ ನೋಡೂದ್ರಾಗ ಹಪ್ಪಳ.
ನಾಕು ಜೋಡಿ ಬೇಕಾದಷ್ಟು.
ಮಿರಗದ ಮಳಿ ಹಿಡೀತಂದ್ರ?

ಅವ್ವ ಒಳಗಿಂದ ಒದರತಾಳ:
"ಹಾಲಿನ ಲೆಕ್ಕ ಹಾಕಬ್ಯಾಡ, ಬತ್ತತದ!"
ಹಾಲಲ್ಲವ್ವಾ, ಚೆಲ್ಲಿದ್ದು ಎಣಿಸಾಕತ್ತೀನಿ.
ಆಕಿ ಕೇಳಲಿಲ್ಲ. ಉಪ್ಪು, ಒಣ ಮೆಣಸಿನಕಾಯಿ ತಂದು
ದೃಷ್ಟಿ ತೆಗದೇ ಬಿಟ್ಳು,
ನನಗಲ್ಲ, ಧೋತರಕ್ಕ.

ನಿನ್ನಿ ಡಿಪೋಕ್ಕ ಕಾಗದ ಕೊಡಾಕ ಬಸ್ಸಿನ್ಯಾಗ ಹೊಂಟಿದ್ದೆ.
ಹಿಂದಿನ ಸೀಟಿನ್ಯಾಗ ಯಾರದೋ ಕೂಸು ಅತ್ತಿತು.
ನನ್ನ ನಿಂಗಿ ಮನ್ಯಾಗ, ಹೊಟ್ಟಿ ತುಂಬಿ,
ಜೋಳಗ್ಯಾಗ ಮಕ್ಕೊಂಡಿತ್ತು.
ಎದಿಗಿ ಅದು ತಿಳೀಲಿಲ್ಲ.
ಚುರ್ರಂತ ಇಳೀತು,
ಯಾವೂರದೋ, ಯಾರ ಹೊಟ್ಟೀದೋ ಕೂಸಿಗಿ,
ಸೆರಗು ತೊಯ್ದು ನಡದ ತನಕ.
ಆ ತಾಯಿ ನನ್ನ ನೋಡಿದ್ಳು.
ಏನೂ ಅನ್ನಲಿಲ್ಲ.
ಕೂಸಿನ ಬಾಯಿ ಒರಸೋ ಅರಿವಿ ನನ್ನ ಕಡೆ ಚಾಚಿದ್ಳು.

ಐವತ್ತು ಸೀಟಿನ ಬಸ್ಸು.
ನಿಂತವರಿಗೂ ಲೆಕ್ಕ ಐತಿ, ಕೋಳಿ ಬುಟ್ಟಿಗೂ ಐತಿ.
ಕೂಸಿಗಿ ಟಿಕೆಟ್ ಇಲ್ಲ.
ದಿನಕ್ಕ ಎಷ್ಟು ಏರತಾವು, ಎಷ್ಟು ಅಳತಾವು,
ಯಾವ ವೇಬಿಲ್ಲಿನ್ಯಾಗೂ ಬರೂದಿಲ್ಲ.

"ಹೇಳವ್ವಾ," ಅಂತಾಳ ಜೈತುನ್‌ಬಿ,
ಕತ್ರಿ ಬಾಯಿ ತೆರದೇ ಐತಿ.
"ಆರು ಜೋಡಿ," ಅಂದೆ.
ಆಕಿ ಧೋತರ ಝಾಡಿಸಿ, ಅಂಚಿನ ತನಕ ಗೇಣು ಹಾಕಿ,
ನೀಲಿ ಖಡುವಿನಾಗ ಗೆರಿ ಎಳೀತಾ ಹೋದಳು:
ಏಳು.

ಚಿಲ್ಲರಿ ಒಂದ್ರೂಪಾಯಿ ತಪ್ಪಿದ್ರೂ ನಿದ್ದಿಗೆಡಾಕಿ ನಾ.
ನೋಡಿದೆ.
ಸುಮ್ನ ಕುಂತೆ.