ಅಳೆದು ಸುರಿದು

ಸೇಂಟ್ ಕ್ಲೇರ್ ಸರೋವರದ ಮಂಜುಗಡ್ಡೆ ಒಡೆದು ಮೂರು ವಾರ.
ನನ್ನ ಶೆಡ್ಡಿನ ಬಾಗಿಲಿಗೆ ವ್ಯಾನಿನ ಬೆನ್ನು ಕೊಟ್ಟು
ಅಣ್ಣ ತಂಗಿ ಇಳಿದರು, ರೋಲಂಡ್, ಓಡೆಟ್,
ಪೆಲ್ಟಿಯೇ ಮುದುಕನ ಮಕ್ಕಳು.
ಮೂವತ್ತೆಂಟಡಿಯ ದೋಣಿ ಈಗ ಇಬ್ಬರ ಹೆಸರಿಗೆ.
ತಲೆಗೊಂದು ಎಂಜಿನ್ ಎಂದು ನಗುತ್ತಾರೆ,
ನಗು ಅರ್ಧಕ್ಕೇ ನಿಲ್ಲುತ್ತದೆ.

"ಝಿಗ್ಮಂಟ್, ನೂರು ಮೈಲಿ ದಾಟಬೇಕು," ಎಂದ ಅವನು.
"ಅಪ್ಪನದು ತೊಂಬತ್ತಾರಕ್ಕೇ ನಿಂತಿತ್ತು."
"ಟ್ಯಾಂಕು ತುಂಬಿ, ಹಿಂದೆ ಮೂರು ಮಕ್ಕಳು ಕೂತರೂ
ಮೂತಿ ಆಕಾಶ ನೋಡದೆ ಏಳಬೇಕು," ಎಂದಳು ಅವಳು.
ಒಂದೇ ದೋಣಿಗೆ ಎರಡು ಆಸೆ.
ನನ್ನ ಅಂಗಡಿ ನಡೆಯುವುದೇ ಹಾಗೆ.

ಹೇಳಿದೆ, ಎಲ್ಲರಿಗೂ ಹೇಳುವುದನ್ನೇ:
ನೀರು ಬೆಣ್ಣೆಯಾಗಿದ್ದರೆ ಒಂದು ಸುತ್ತಿಗೆ
ಪ್ರೊಪೆಲರ್ ಎಷ್ಟು ಇಂಚು ಮುಂದೆ ಕೊರೆಯುತ್ತದೋ ಅದು ಪಿಚ್.
ನೀರು ಬೆಣ್ಣೆಯಲ್ಲ. ನೂರಕ್ಕೆ ಹತ್ತೋ ಹನ್ನೆರಡೋ
ಬೆರಳ ಸಂದಿಯಲ್ಲಿ ಜಾರಿಹೋಗುತ್ತದೆ.
ಪಿಚ್ ಹೆಚ್ಚಿಸಿದರೆ ಎಂಜಿನ್ ಏದುಸಿರು ಬಿಡುತ್ತದೆ,
ತಗ್ಗಿಸಿದರೆ ಬರಿದೇ ಕಿರುಚುತ್ತದೆ.
ನಾಲ್ಕಲಗು ಓಡುತ್ತದೆ; ಐದಲಗು ಹಿಡಿಯುತ್ತದೆ,
ತಿರುವಿನಲ್ಲಿ ಕೈಬಿಡುವುದಿಲ್ಲ.
ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ತಿರುಗುತ್ತದೆ,
ಕನ್ನಡಿಯ ಒಳಗಿನವನೂ ಹೊರಗಿನವನೂ ಇದ್ದ ಹಾಗೆ.
ಇಬ್ಬರಲ್ಲಿ ಒಬ್ಬ ಸುಳ್ಳು ಹೇಳಿದರೂ ದೋಣಿಗೆ ಗೊತ್ತಾಗುತ್ತದೆ.

ರೋಲಂಡ್ ಹಳೆಯ ಜೋಡಿಯನ್ನು ಬೆಂಚಿನ ಮೇಲಿಟ್ಟ,
ಅಪ್ಪನ ಸ್ವೆಟರಿನಲ್ಲಿ ಸುತ್ತಿ ತಂದಿದ್ದ.
"ಅಪ್ಪನ ಕೈಯೇ ಬೇರೆ," ಎಂದ.
"ಎಡದ ಲಿವರ್ ಯಾವಾಗಲೂ ಒಂದು ಬೆರಳು ಮುಂದೆ.
ಕೇಳಿದರೆ ಹೇಳುತ್ತಿರಲಿಲ್ಲ. ಆ ಒಂದು ಬೆರಳು
ನನಗೆ ಈಗೀಗ ಒಲಿಯುತ್ತಿದೆ."

ಮಾಪಕಕ್ಕೆ ಏರಿಸಿದೆ. ಬಲ, ಇಪ್ಪತ್ತೆಂಟು, ಕರಾರುವಾಕ್ಕು.
ಎಡ, ಇಪ್ಪತ್ತೇಳಕ್ಕೆ ಕೂದಲೆಳೆ ಹೆಚ್ಚು.
ಮತ್ತೆ ಅಳೆದೆ. ಅಲಗು ತಿರುಗಿಸಿ ಮತ್ತೆ.
ಬುಡದಲ್ಲಿ ನನ್ನದೇ ಸುತ್ತಿಗೆಯ ಗುರುತು,
ನನ್ನದೇ ಅಚ್ಚಿನ ಎರಡಕ್ಷರ.

ನೆನಪಾಯಿತು. ಎರಡು ಬೇಸಿಗೆ ಹಿಂದೆ,
ಹಾರ್ಸೆನ್ಸ್ ದ್ವೀಪದ ಹತ್ತಿರ ಮುಳುಗಿದ್ದ ದಿಮ್ಮಿ.
ಜೂನಿನ ಆ ರಾತ್ರಿ ಮೀನುನೊಣಗಳು
ದೀಪಕ್ಕೆ ಕವಿದು, ಬೂಟಿನಡಿ ಹಪ್ಪಳದಂತೆ ಮುರಿಯುತ್ತಿದ್ದವು.
ಮಾರನೆಯ ದಿನವೇ ಬೇಕೆಂದಿದ್ದ ಮುದುಕ.
ಬಡಿದೆ, ತಿಕ್ಕಿದೆ, ಹೊಳಪು ಕೊಟ್ಟೆ,
ಕಡೆಯ ಸಲ ಅಳೆಯಲಿಲ್ಲ.

ಎರಡು ಬೇಸಿಗೆ ಅವನು ನನ್ನ ತಪ್ಪನ್ನು
ಒಂದು ಬೆರಳಿನಿಂದ ತಳ್ಳಿಕೊಂಡು ಓಡಿಸಿದ.
ಎಣ್ಣೆ ಕೊಳ್ಳಲು ಬಂದಾಗ ಒಮ್ಮೆಯೂ ದೂರಲಿಲ್ಲ.
ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದನೋ.
ಕೇಳೋಣವೆಂದರೆ ಫೆಬ್ರವರಿಯಲ್ಲೇ ಹೂತು ಬಂದಿದ್ದೇವೆ,
ನೆಲ ಕಲ್ಲಾಗಿತ್ತು, ಯಂತ್ರ ತರಿಸಬೇಕಾಯಿತು.

"ಎಷ್ಟು ಬಂತು?" ಎಂದಳು ಓಡೆಟ್.
"ಹಳೆಯವು," ಎಂದೆ. "ಸವೆದಿವೆ."

ಅಳೆದೂ ಸುರಿದೂ ಆರಿಸಿದೆವು: ಐದಲಗು, ಇಪ್ಪತ್ತೆಂಟು,
ಅಂಚಿನಲ್ಲಿ ತುಸು ಒಳಮಡಿಕೆ.
"ತೊಂಬತ್ತೇಳು ಬಂದೀತು, ನೂರು ಬರುವುದಿಲ್ಲ," ಎಂದೆ.
ರೋಲಂಡ್ ಮುಖ ಊದಿಸಿಕೊಂಡ,
ಆಮೇಲೆ ತಂಗಿಯ ಮಕ್ಕಳ ಲೈಫ್ ಜಾಕೆಟ್ಟಿನ ಅಳತೆ ವಿಚಾರಿಸಿದ.

ಶನಿವಾರ ನನ್ನನ್ನೂ ಕೂರಿಸಿಕೊಂಡರು.
ಅವನದು ಚುಕ್ಕಾಣಿ, ಅವಳ ಅಂಗೈಯಡಿ ಎರಡು ಲಿವರು.
ದೂರದಲ್ಲಿ ಅದಿರಿನ ಹಡಗೊಂದು
ಇದ್ದಲ್ಲೇ ಇದ್ದಂತೆ ಸಾಗುತ್ತಿತ್ತು.
ದೋಣಿ ತಲೆ ಎತ್ತದೆ ಮೇಲೆದ್ದಿತು, ಎರಡೂ ಮುಳ್ಳು
ಐದು ಸಾವಿರದಿನ್ನೂರರಲ್ಲಿ ಒಂದರ ನೆರಳಂತೆ ಇನ್ನೊಂದು.
ಬೆನ್ನ ಹಿಂದಿನ ನೊರೆ ನೂಲು ಹಿಡಿದಷ್ಟು ನೇರ.

ಆಗ ರೋಲಂಡ್ ಕೈಚಾಚಿ, ತಂಗಿಯ ಕೈಮೇಲೆ ಕೈಯಿಟ್ಟು
ಎಡದ ಲಿವರನ್ನು ಒಂದು ಬೆರಳು ಮುಂದಕ್ಕೆ ತಳ್ಳಿದ.
ದೋಣಿ ಮೆಲ್ಲಗೆ ಬಲಕ್ಕೆ ವಾಲತೊಡಗಿತು.
"ನೋಡು, ಅಪ್ಪ," ಎಂದ.

ಓಡೆಟ್ ನನ್ನತ್ತ ತಿರುಗಿದಳು.
ನಾನು ನೊರೆ ನೋಡುತ್ತಿದ್ದೆ.