ಹೆಲ್ವೆಯ ತೊಂಬತ್ತು ದಿನ

ಹಿಯುಮಾ ದ್ವೀಪದ ಬಂದರು ಕಚೇರಿಯಲ್ಲಿ
ಹೆಲ್ವೆ ರಾತ್ರಿಗಳನ್ನು ಮಡಿಸಿಡುತ್ತಾಳೆ.
ಸಂಬಳದ ಚೀಟಿಯಲ್ಲಿ ಮಾತ್ರ
ಆ ಕೆಲಸಕ್ಕೆ ಬೇರೆ ಹೆಸರು.

ನಡುರಾತ್ರಿ ದಾಟಿದ್ದೇ ತಡ
ದಿನದ ಲಾಗ್ ಕಡತ ತಾನೇ ತುಂಡಾಗಿ
ಮೈಗೆ ತಾರೀಕು ಅಂಟಿಸಿಕೊಂಡು, ಉಸಿರು ಹೊರಬಿಟ್ಟು
ಹತ್ತರಲ್ಲೊಂದು ಪಾಲಿಗೆ ಕುಗ್ಗಿ
ಹಳೆಯ ಡಿಸ್ಕಿನ ಮೂಲೆ ಸೇರುತ್ತದೆ.
ತೊಂಬತ್ತು ದಿನ ಇಡಬೇಕು. ತೊಂಬತ್ತೊಂದಕ್ಕೆ ಅಳಿಸಬೇಕು.
ನಿಯಮ ಬರೆದವಳು ಅವಳೇ,
ಡಿಸ್ಕು ತುಂಬಿ ಸರ್ವರು ಮೂಕವಾದ
ಒಂದು ಈಸ್ಟರ್ ಸೋಮವಾರದ ಮರುದಿನ.

ಒಂದು ಸಾಲೆಂದರೆ ಒಬ್ಬರು ಬಂದು ಹೋದ ಗುರುತು:
ಯಾವ ವಿಳಾಸ, ಎಷ್ಟು ಹೊತ್ತಿಗೆ, ಏನು ಕೇಳಿದರು,
ಸಿಕ್ಕಿತೋ ಇಲ್ಲವೋ, ಎಷ್ಟು ಬೈಟು ಹೊತ್ತೊಯ್ದರು.
ಮುಖವಿಲ್ಲ. ಮರೆತುಹೋದ ಕೊಡೆಯಿಲ್ಲ.

ತಿಂಗಳ ಕೊನೆಗೆ ಆರ್ವೆಡ್ ಬಾಗಿಲಲ್ಲಿ ನಿಂತು ಕೇಳುತ್ತಾನೆ,
"ಎಷ್ಟು ಜನ?"
ಹೆಲ್ವೆ ಕೇರಲು ಕೂರುತ್ತಾಳೆ.
ನಲವತ್ತೊಂದು ಸಾವಿರ ಸಾಲು ಮೊರಕ್ಕೆ ಸುರಿದರೆ
ಹುಡುಕಾಟದ ಬಾಟುಗಳು ಹೊಟ್ಟಾಗಿ ಹಾರುತ್ತವೆ,
ಇಲ್ಲಿ ಇಲ್ಲವೇ ಇಲ್ಲದ ಬಾಗಿಲುಗಳ ಬೀಗ ತಡಕುವ
ಕಳ್ಳ ಯಂತ್ರಗಳು ಹಾರುತ್ತವೆ,
ಚಿತ್ರ, ಫಾಂಟು, ಐಕಾನುಗಳ ಧೂಳು.
ಉಳಿದದ್ದು ಒಂಬೈನೂರು ಚಿಲ್ಲರೆ ಕಾಳು:
ದೋಣಿ ಎಷ್ಟೊತ್ತಿಗೆ, ಗಾಳಿ ಹೇಗಿದೆ,
ನಾಯಿಗೂ ಟಿಕೆಟ್ಟು ಬೇಕೇ.

ಒಂದು ಕಾಳು ಮಾತ್ರ ಮೊರದ ಅಂಚಿಗೇ ಬಂದು ಬಂದು ನಿಲ್ಲುತ್ತದೆ.
ರಾತ್ರಿ ಮೂರು ಹತ್ತು.
'ಹಾಹ್ಕ್' ದೋಣಿಯ ಚಳಿಗಾಲದ ವೇಳಾಪಟ್ಟಿ.
ನಾನೂರ ನಾಲ್ಕು: ಇಲ್ಲ.
ಆ ದೋಣಿ ನಿಂತು ಆರು ವರ್ಷ. ಎಂಜಿನ್ನು ಗುಜರಿಗೆ ಹೋಯಿತು,
ಒಡಲು ಮಕ್ಕಳ ಮೈದಾನದಲ್ಲಿ
ನೀಲಿ ಬಳಿಸಿಕೊಂಡು ಮಗುಚಿ ಬಿದ್ದಿದೆ.
ಮರುರಾತ್ರಿ ಮತ್ತೆ. ನಾನೂರ ನಾಲ್ಕು.

"ಯಂತ್ರವೇ ಅದು," ಅಂದ ಆರ್ವೆಡ್,
"ಗಡಿಯಾರದ ಹಾಗೆ ಬರುತ್ತದಲ್ಲ. ತೆಗೆ."
ಹೆಲ್ವೆ ತೆಗೆಯಲಿಲ್ಲ.
ಮಡಿಸಿಟ್ಟ ರಾತ್ರಿಗಳನ್ನು ಒಂದೊಂದಾಗಿ ಬಿಚ್ಚಿದಳು.
ಮೂರು ಹತ್ತು, ಮೂರು ಹದಿನಾಲ್ಕು, ಎರಡು ಐವತ್ತೆಂಟು.
ನವೆಂಬರಿನಲ್ಲಿ ಒಂದು ವಾರ ಬರಲೇ ಇಲ್ಲ.
ಬಂದ ದಿನ ಒಂದು ಅಕ್ಷರ ತಪ್ಪಿ, ಮೂರು ಸಲ ತಟ್ಟಿದೆ.
ಯಂತ್ರಕ್ಕೆ ಜ್ವರ ಬರುವುದಿಲ್ಲ.
ಕತ್ತಲಲ್ಲಿ ಕನ್ನಡಕ ಹುಡುಕುವುದಿಲ್ಲ ಅದು.

ಯಾರು?
ವಿಳಾಸದ ಕೊನೆಯ ಅಂಕಿ ಸೊನ್ನೆ. ಎಲ್ಲರದೂ ಸೊನ್ನೆಯೇ.
ಬಂದವರ ಗುಟ್ಟು ಕಾಯಲೆಂದು
ಅವಳೇ ಕೂಡಿಸಿದ್ದ ಒಂದು ಸಾಲಿನ ಕೆಲಸ ಅದು.
ಇನ್ನೂರೈವತ್ತಾರು ಮನೆಗಳಲ್ಲಿ ಯಾವುದೋ ಒಂದರ ದೀಪ.
ತಾನೇ ಒರೆಸಿದ ಹಲಗೆಯ ಮುಂದೆ ನಿಂತು
ಏನು ಬರೆದಿತ್ತೆಂದು ಕೇಳುವುದು ಯಾರನ್ನು?

ಆ ಸಂಜೆ ರೈ ರೊಟ್ಟಿಗೆ ಬೆಣ್ಣೆ ಸವರಿ,
ಜೂನಿಪರ್ ಮರದ ಚೂರಿ ನೆಕ್ಕಿ ಬದಿಗಿಟ್ಟು
ಇಲ್ಲದ ಪುಟಕ್ಕೆ ಒಂದು ಪುಟ ಮಾಡಿದಳು:
"ಹಾಹ್ಕ್ ಈಗ ಓಡುವುದಿಲ್ಲ.
ಕೊನೆಯ ಚಳಿಗಾಲ ಬೆಳಿಗ್ಗೆ ಆರೂವರೆಗೆ ಹೊರಡುತ್ತಿತ್ತು.
ಕಡಲು ಹೆಪ್ಪುಗಟ್ಟಿದ ದಿನ ಹೊರಡುತ್ತಿರಲಿಲ್ಲ."
ಆರ್ವೆಡ್‌ಗೆ ಹೇಳಲಿಲ್ಲ. ಕಚೇರಿಯ ಮುದ್ರೆ ಹಾಕಲಿಲ್ಲ.

ಬೆಳಿಗ್ಗೆ ಕೋಟು ತೆಗೆಯುವ ಮೊದಲೇ ನೋಡಿದಳು.
ಮೂರು ಇಪ್ಪತ್ತು. ಇನ್ನೂರು: ಸಿಕ್ಕಿತು.
ಎಂಟುನೂರ ಹನ್ನೆರಡು ಬೈಟು ಹೊತ್ತೊಯ್ದಿದ್ದಾರೆ.
ಇನ್ನು ಬರಲಿಕ್ಕಿಲ್ಲ, ತಿಳಿಯಿತಲ್ಲ, ಅಂದುಕೊಂಡಳು.

ಬಂದರು.
ಮೂರು ಹನ್ನೊಂದು. ಮುನ್ನೂರ ನಾಲ್ಕು.
ನೀವು ಒಯ್ದ ಮೇಲೆ ಇಲ್ಲೇನೂ ಬದಲಾಗಿಲ್ಲ,
ನಿಮ್ಮ ಹತ್ತಿರ ಇರುವುದೇ ಸಾಕು
ಅನ್ನುತ್ತದೆ ಸರ್ವರು ಹಾಗೆಂದರೆ.
ಬೈಟು ಸೊನ್ನೆ. ಬರಿಗೈಯಲ್ಲಿ ಮರಳಿದ್ದಾರೆ.
ಅದರ ಮರುರಾತ್ರಿಯೂ.
ಅದರ ಮರುರಾತ್ರಿಯೂ.

ವರದಿಯಲ್ಲಿ ಹೆಲ್ವೆ ಬರೆದಳು: ಒಂಬೈನೂರ ಹದಿಮೂರು ಜನ.
ಆರ್ವೆಡ್‌ನ ಲೆಕ್ಕಕ್ಕಿಂತ ಒಬ್ಬರು ಹೆಚ್ಚು.

ಮಾರ್ಚಿನಲ್ಲಿ ತೊಂಬತ್ತೊಂದನೆಯ ರಾತ್ರಿ ಬಂದು
ಆ ಮೊದಲ ಇನ್ನೂರನ್ನು ನಿಯಮದಂತೆ ಅಳಿಸಿಹೋಯಿತು.
ಅವಳು ತಡೆಯಲಿಲ್ಲ. ಪುಟವಿದೆಯಲ್ಲ.
ಬೇಸಿಗೆಯ ವೇಳಾಪಟ್ಟಿ ಏರಿಸುವುದು ಬಾಕಿಯಿತ್ತು.