ಎಂಟನೆಯ ಕುರ್ಚಿ

ಏಳು ಜನ ಇದ್ದರೆ ಟೀಮ್ ಆಟ ಆಗುವುದಿಲ್ಲ.
ಒಂಬತ್ತಾದರೆ ಒಬ್ಬರಿಗೆ ಮುನಿಸು.
ಎಂಟೇ ಬೇಕು. ಎರಡು ಮೇಜು, ಎರಡು ಕೋಣೆ,
ಗುರುವಾರ ಸಂಜೆ ಐದಕ್ಕೆ,
ಕಾಸರಗೋಡಿನ ಬ್ಯಾಂಕ್ ರೋಡಿನ ಈ ಮಹಡಿಯಲ್ಲಿ,
ಕೆಳಗೆ ದರ್ಜಿ ಹಮೀದರ ಮಿಷನ್ನು
ಟಕಟಕ ಅನ್ನುತ್ತಲೇ ಇರುವಾಗ.

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಕುಂಬಳೆಗೆ ಹೊಸದುರ್ಗ, ಹೊಸದುರ್ಗಕ್ಕೆ ಬೊಂಬಾಯಿ
ಸಿಕ್ಕಿಸಿ ಕೊಟ್ಟವಳು ನಾನು.
ಎಂಟು ಮಂದಿಯನ್ನು ಎರಡು ಮೇಜಿಗೆ ಸಿಕ್ಕಿಸುವುದು
ಎಂಥ ಮಹಾ ಕೆಲಸ, ಅಂದುಕೊಂಡಿದ್ದೆ.

ಶೆಣೈ ದಂಪತಿ ಜೋಡಿಯಾದರೆ ಜಗಳ,
ಎದುರಾಳಿಗಳಾದರೆ ರಾತ್ರಿ ಮನೆಯಲ್ಲಿ ಜಗಳ.
ಡಾಕ್ಟರ್ ಮೂಸಾಕುಞಿಗೆ ಮಗ್ರಿಬಿನ ಹೊತ್ತಿಗೆ ಹತ್ತು ನಿಮಿಷ ಬೇಕು,
ಫಿಲೊಮಿನಾ ಕ್ರಾಸ್ತಾರಿಗೆ ಫ್ಯಾನಿನ ಕೆಳಗಿನ ಜಾಗ.
ನಾರಾಯಣಿ ಟೀಚರ್ ಯೋಚಿಸಲು ಕೂತರೆ
ಚಹಾದ ಮೇಲೆ ಕೆನೆ ಕಟ್ಟುತ್ತದೆ.
ಆಳ್ವರಿಗೆ ಇಪ್ಪತ್ತೆಂಟಾಡಿದ ಕೈ;
ಎಲೆಯನ್ನು ನಡುವಿಗೆ ಬೀಸಿ ಬಡಿಯುತ್ತಾರೆ.
ಬಡಿಯಬೇಡಿ ಮಾರಾಯ್ರೆ, ನಿಮ್ಮ ಮುಂದೆಯೇ ಇಟ್ಟುಕೊಳ್ಳಿ,
ಇದೇ ಹದಿಮೂರು ಆ ಕೋಣೆಗೂ ಹೋಗಬೇಕು.

ಸೀರೆ ಡಬ್ಬಿಗಳನ್ನು ಕತ್ತರಿಸಿ ಗೂಡು ಮಾಡಿದೆ,
ಡಬ್ಬಿಗೆ ನಾಲ್ಕು. ಬಡಗು, ತೆಂಕು, ಮೂಡು, ಪಡು ಎಂದು ಬರೆದೆ.
'ನಾನು ತೆಂಕುತಿಟ್ಟಿನವ, ಬಡಗಿಗೆ ಕೂರುವುದಿಲ್ಲ'
ಎಂದು ಆಳ್ವರು ಪ್ರತಿ ಗುರುವಾರ ಹೇಳುತ್ತಾರೆ.
ಪ್ರತಿ ಗುರುವಾರ ಒಬ್ಬರೇ ನಗುತ್ತಾರೆ.

ಹಲಗೆಯ ಗೋಡೆ. ಕೂಗು ಆಚೆ ಕೇಳುತ್ತದೆ,
ಹಾಗಾಗಿ ಚೀಟಿಯಲ್ಲೇ ಬಿಡ್ಡು.
ಹಮೀದರ ಹಳೆಯ ಅಳತೆ ಪುಸ್ತಕ ಹರಿದು ತಂದೆವು:
ಈ ಬದಿ ಎದೆ ಮೂವತ್ತೆಂಟು, ತೋಳು ಇಪ್ಪತ್ತಮೂರು,
ಆ ಬದಿ ನಾಲ್ಕು ಇಸ್ಪೀಟು.
ನಾನು ಆಟೀನು ಎಂದು ಬರೆದರೆ
ನಾರಾಯಣಿ ಟೀಚರ್ ಮೆಲ್ಲಗೆ ಆಡ್ಯನ್ ಎಂದು ಓದಿಕೊಳ್ಳುತ್ತಾರೆ.
ರಾಣಿಗೆ ಯಾವ ಹೆಸರಾದರೇನು,
ಅವಳು ಇದ್ದ ಕಡೆಯೇ ಇರುತ್ತಾಳೆ.

ಮೊದಲ ದಿನ ನಿಯಮ ವಿವರಿಸಿದ್ದೆ:
ನಿಮ್ಮ ಕೈಯ ಎಲೆಗಳನ್ನೇ ಆ ಕೋಣೆಯಲ್ಲಿ
ಎದುರು ತಂಡದವರು ಹಿಡಿಯುತ್ತಾರೆ,
ಆದ್ದರಿಂದ ಎಲೆ ಸರಿ ಬೀಳಲಿಲ್ಲ ಎನ್ನುವ ಹಾಗಿಲ್ಲ.
ಆಳ್ವರು ತುಂಬ ಹೊತ್ತು ಸುಮ್ಮನಿದ್ದರು.
'ಹಾಗಾದರೆ ಸೋತವ ಎಂತ ಹೇಳಬೇಕು?'
ಯಾರಿಗೂ ಉತ್ತರ ಹೊಳೆಯಲಿಲ್ಲ. ಚಹಾ ಬಂತು.

ಚಹಾ ತರುವವನು ಹಮೀದರ ತಂಗಿಯ ಮಗ ಅಶ್ರಫ್.
ಡಬ್ಬಿಗಳನ್ನು ಕೋಣೆಯಿಂದ ಕೋಣೆಗೆ ದಾಟಿಸುವವನೂ ಅವನೇ.
ಎಂಟು ತಿಂಗಳು ಎರಡೂ ಮೇಜಿನ ತಪ್ಪು ನೋಡಿದ್ದಾನೆ,
ತುಟಿ ಬಿಚ್ಚಿಲ್ಲ.

ಈ ವಾರ ಕುಞಿರಾಮ ಮಣಿಯಾಣಿಯವರ ಕಣ್ಣಿಗೆ ಹಸಿರು ಪಟ್ಟಿ.
ಏಳು ಜನ ಒಬ್ಬರ ಮುಖ ಒಬ್ಬರು ನೋಡಿದೆವು.
'ಕೂರುತ್ತೀಯಾ?' ಎಂದೆ.
ಅವನು ಟ್ರೇ ಕೆಳಗಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿ,
ಫಿಲೊಮಿನಾರ ಎದುರು ಪಡುವಿಗೆ ಕೂತ.
ನಾನು ಈಚೆ ಬಡಗು, ಆಳ್ವರು ತೆಂಕು.
ನಾವು ನಾಲ್ವರು ಒಂದು ತಂಡ, ನಡುವೆ ಹಲಗೆ.

ಇನ್ನು ಡಬ್ಬಿ ಹೊರುವವರು ಯಾರು?
ಡಮ್ಮಿಯಾದವರು, ಅಂದರು ಡಾಕ್ಟರು.
ಎಲೆ ಹಾಸಿಯಾದ ಮೇಲೆ ಅವರಿಗೆ ಬೇರೆ ಕೆಲಸವೆಲ್ಲಿ?

ಹಾಗೆ ಏಳೂವರೆಗೆ, ಓಣಿಯ ಕುರ್ಚಿಯ ಬಳಿ,
ಆ ಬಾಗಿಲಿನಿಂದ ಅವನು, ಈ ಬಾಗಿಲಿನಿಂದ ನಾನು.
ನನ್ನ ಕೈಯಲ್ಲಿ ಐದನೆಯ ಡಬ್ಬಿ,
ಈಗಷ್ಟೇ ನಾನೇ ಮುಳುಗಿಸಿದ್ದು:
ಇಲ್ಲದ ರಾಣಿಯನ್ನು ಮೂಡಿನಲ್ಲಿ ಹುಡುಕಿ.
ಅವನ ಕೈಯಲ್ಲಿ ಏಳನೆಯದು. ಮುಖ ಬೋಳು ಗೋಡೆ.
ಅವನಿಗೆ ನನ್ನ ನಾಳೆ ಗೊತ್ತು, ನನಗೆ ಅವನದು.
ಲೈನು ಸಿಕ್ಕಿಸಿ ಕೊಟ್ಟ ಮೇಲೆ ಕೇಳಬಾರದು,
ಅದು ಆಗಿನ ಕಾನೂನು. ಈಗಿನದೂ.

'ಬಂಗುಡೆಗೆ ಇವತ್ತು ಎಷ್ಟು?' ಎಂದೆ.
'ನೂರ ಎಂಬತ್ತು, ಅಕ್ಕ.'
'ಜಾಸ್ತಿಯಾಯಿತು.'
'ಜಾಸ್ತಿಯೇ,' ಎಂದು ಡಬ್ಬಿ ಬದಲಾಯಿಸಿಕೊಂಡ.
ಹಿಂದಿನಿಂದ ಆಳ್ವರು
ಎಲೆಯನ್ನು ನಡುವಿಗೆ ಬಡಿದ ಸದ್ದು.